ಆಲ್ಬಮ್ ಅಕ್ಕನ ಡಬ್ಬಿ

ಆ ಮನೆಯಲ್ಲಿ ಸುಮ್ಮನೆ ಕೂರುವುದೆಂದರೆ ಅಪರಾಧ. ಹಾಗೆಂದು ಯಾರೂ ಬರೆದು ಅಂಟಿಸಿರಲಿಲ್ಲ. ಆದರೆ ಮನೆಯ ಯಜಮಾನರು ಬದುಕಿದ್ದಷ್ಟು ದಿನವೂ "ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು" ಎಂದು ಹೇಳಿ ಹೇಳಿ, ಅವರು ಹೋದ ಮೇಲೂ ಆ ಮಾತು ಗೋಡೆಗೆ ಬಳಿದ ಸುಣ್ಣದಂತೆ ಉಳಿದುಬಿಟ್ಟಿತ್ತು. ಯಾರಾದರೂ ಕುರ್ಚಿಗೆ ಬೆನ್ನು ಕೊಟ್ಟರೆ ಸಾಕು, ಇನ್ನೊಬ್ಬರು ಬಂದು "ಕೈ ಖಾಲಿ ಇದೆಯಾ? ಹಾಗಾದ್ರೆ ಈ ಬಟ್ಟೆ ಮಡಚು" ಎನ್ನುವರು. ಇಂಥ ಮನೆಯಲ್ಲಿ ಎಲ್ಲರೂ ಒಟ್ಟಿಗೆ, ಯಾವ ಸಂಕೋಚವೂ ಇಲ್ಲದೆ, ಕಾಲು ಚಾಚಿ ಕೂರುತ್ತಿದ್ದ ಹೊತ್ತು ಒಂದೇ. ಅದು ಸಂಜೆ ಆಲ್ಬಮ್ ಅಕ್ಕನ ಕಂಪ್ಯೂಟರು ತೆರೆದುಕೊಳ್ಳುವ ಹೊತ್ತು.

ಆಲ್ಬಮ್ ಅಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ಫೋಟೋ ಸ್ಟುಡಿಯೋದವನು ಮದುವೆ, ಹುಟ್ಟುಹಬ್ಬ, ನಿವೃತ್ತಿ ಸಮಾರಂಭ ಎಂದು ಎಲ್ಲೆಲ್ಲೋ ತೆಗೆದ ರಾಶಿ ರಾಶಿ ಫೋಟೋಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸುತ್ತಾನೆ. ಅಕ್ಕ ಅವುಗಳಲ್ಲಿ ಒಳ್ಳೆಯದನ್ನು ಆರಿಸಿ, ಅಂಚು ಕತ್ತರಿಸಿ, ಪುಟ ಪುಟವಾಗಿ ಜೋಡಿಸಿ ಅಚ್ಚಿಗೆ ಸಿದ್ಧಮಾಡಿ ಕೊಡುತ್ತಾಳೆ. ಊರವರ ಮದುವೆಯನ್ನೆಲ್ಲ ಜೋಡಿಸಿದ ಅಕ್ಕನಿಗೆ ಸ್ವಂತದ್ದು ಆಗಲಿಲ್ಲ. ಯಾಕೆ ಆಗಲಿಲ್ಲ ಎಂದರೆ, ಆಗಲಿಲ್ಲ, ಅಷ್ಟೆ. ಅದಕ್ಕೊಂದು ದೊಡ್ಡ ಕಥೆಯಿದೆಯೆಂದು ಕಾದು ಕೂತವರಿಗೆ ನಿರಾಸೆಯಾಗುತ್ತದೆ. ತಾಯಿ, ತಮ್ಮ, ತಮ್ಮನ ಹೆಂಡತಿ, ಅವರ ಒಬ್ಬಳೇ ಮಗಳು ಚೂಟಿ, ಇವರ ಜೊತೆ ಅಪ್ಪ ಕಟ್ಟಿಸಿದ ಮನೆಯಲ್ಲಿ ಅವಳ ಬದುಕು.

ಅವಳ ಕಂಪ್ಯೂಟರು ಮೇಜಿನ ಕೆಳಗೆ ನಿಲ್ಲಿಸುವ ದೊಡ್ಡ ಪೆಟ್ಟಿಗೆಯಲ್ಲ. ಎರಡು ದಪ್ಪ ಪುಸ್ತಕವನ್ನು ಒಂದರ ಮೇಲೊಂದು ಇಟ್ಟಷ್ಟೇ ಗಾತ್ರದ ಪುಟ್ಟ ಡಬ್ಬಿ. ಯಾವುದೋ ಕಚೇರಿಯವರು ಹಳೆಯದಾಯಿತೆಂದು ಮಾರಿದ್ದನ್ನು ತಮ್ಮ ಚೀಲದಲ್ಲಿ ಹಾಕಿಕೊಂಡು ತಂದಿದ್ದ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಅಕ್ಕ ಅದರ ಗುಂಡಿ ಒತ್ತಿದರೆ ಒಳಗಿನ ಡಿಸ್ಕು ಕಿರಕಿರ, ಕಟಕಟ ಎಂದು ಒದ್ದಾಡಲು ಶುರುಮಾಡುತ್ತಿತ್ತು. ಸದ್ದು ಬೀದಿ ಬಾಗಿಲವರೆಗೂ ಕೇಳುತ್ತಿತ್ತು.

"ಡಬ್ಬಿ ಎದ್ದಿತು" ಎಂದು ಅಕ್ಕನ ತಾಯಿ, ಅಂದರೆ ಚೂಟಿಯ ಅಜ್ಜಿ, ಕೂಗುವಳು. ತಮ್ಮನ ಹೆಂಡತಿ ಬಟಾಣಿಯ ಮೊರ ಎತ್ತಿಕೊಂಡು ಬರುವಳು. ಚೂಟಿ ಪುಸ್ತಕದ ಸಮೇತ ಬಂದು ಮಂಚದ ಮೇಲೆ ಬೀಳುವಳು. ತಮ್ಮನೂ ಕೆಲಸದಿಂದ ಬಂದಿದ್ದರೆ ಚಹಾದ ಲೋಟ ಹಿಡಿದು ಬಾಗಿಲಿಗೆ ಒರಗುವನು. ಯಾರೂ ಸುಮ್ಮನೆ ಕೂತಿಲ್ಲ ನೋಡಿ, ಕಂಪ್ಯೂಟರು ತೆರೆಯಲೆಂದು ಕಾಯುತ್ತಿದ್ದಾರೆ! ಕಾಯುವುದೂ ಒಂದು ಕೆಲಸವೇ ತಾನೆ?

ಡಬ್ಬಿ ಎದ್ದ ಮೇಲೂ ಅವಸರವಿರಲಿಲ್ಲ. ಫೋಟೋಗಳು ಒಂದೊಂದಾಗಿ ಬರುತ್ತಿದ್ದವು. ಬರುವಾಗ ಮೊದಲು ಬರೀ ಮಸುಕು, ಎಷ್ಟೋ ಹೊತ್ತಿನ ಮೇಲೆ ಕಣ್ಣು ಮೂಗು. ಆ ಮಸುಕಿನಲ್ಲೇ ಇವರ ಆಟ.

"ಇವ್ನು ಮದುಮಗ" ಎಂದಳು ಚೂಟಿ.

"ಮದುಮಗ ಅಲ್ಲ ಕಣೇ, ಅಡುಗೆಯವ್ನು. ಹೊಟ್ಟೆ ನೋಡು" ಎಂದಳು ಅವಳ ತಾಯಿ.

ಫೋಟೋ ಸ್ಪಷ್ಟವಾಯಿತು. ಮದುಮಗನೇ.

"ಅಯ್ಯೋ ಪಾಪ, ಹುಡುಗಿ!" ಎಂದು ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡಳು.

"ಈಯಮ್ಮ ಯಾಕೆ ಹೀಗೆ ಮುಖ ಊದಿಸ್ಕೊಂಡಿದಾಳೆ?" ಎಂದಳು ಚೂಟಿ, ಮುಂದಿನ ಫೋಟೋ ನೋಡಿ.

"ಊಟ ತಡ ಆಗಿರ್ಬೇಕು. ಮದುವೇಲಿ ಉಂಡವನೇ ಜಾಣ ಅಂತಾರೆ. ನಾವು ನೋಡು, ಉಣ್ಣದೇನೇ ದಿನಾ ಮದುವೆ ಮನೇಲಿ ಇರ್ತೀವಿ" ಎಂದು ತಮ್ಮ ನಕ್ಕ.

ಅಕ್ಕ ಮಾತ್ರ ಡಬ್ಬಿಯನ್ನು ಬೈಯುತ್ತಿದ್ದಳು. "ಹಾಳಾದ್ದು, ಆಮೆಗೆ ಹುಟ್ಟಿದ್ದು. ನನ್ನ ಅರ್ಧ ಆಯಸ್ಸು ಇದರ ಮುಂದೇನೇ ಹೋಯ್ತು." ಬೈಯುತ್ತ ಬೈಯುತ್ತ ಬಟಾಣಿ ಸುಲಿಯುವಳು, ಮಂಚದ ಮೇಲಿದ್ದ ಚೂಟಿಯ ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಳ್ಳುವಳು. ಆ ಬೈಗುಳವನ್ನು ಮನೆಯವರು ನಿಜವೆಂದೇ ನಂಬಿದರು. ಯಾಕೆ ನಂಬಬಾರದು? ಅವಳೂ ನಂಬಿದ್ದಳು.

ಹೀಗಿರುವಾಗ ಒಂದು ದಿನ ಡಬ್ಬಿ ನಿಜವಾಗಿಯೂ ಕೈಕೊಟ್ಟಿತು. ಸಂಜೆಯೊಳಗೆ ಒಂದು ಆಲ್ಬಮ್ ಕೊಡಬೇಕಿತ್ತು. ಪುಟ ಅರ್ಧಕ್ಕೆ ನಿಂತು ಕಟಕಟ ಎನ್ನುತ್ತಲೇ ಇತ್ತು. ಸ್ಟುಡಿಯೋದವನು ಫೋನಿನ ಮೇಲೆ ಫೋನು ಮಾಡಿದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ರಾತ್ರಿ ಊಟಕ್ಕೆ ಕೂತಾಗ ಅಕ್ಕನ ಮುಖ ಬಾಡಿತ್ತು.

"ಅಕ್ಕ, ನಾಳೆಯಿಂದ ಈ ಪುರಾಣ ಬೇಡ" ಎಂದ ತಮ್ಮ. ಅವನು ಲಿಫ್ಟ್ ಮೆಕ್ಯಾನಿಕ್. ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಬಿಡಿಸುವುದೇ ಅವನ ಉದ್ಯೋಗ. ನಿಂತಿದ್ದು ಓಡಬೇಕು, ಓಡದಿದ್ದರೆ ಅವನಿಗೆ ಮೈಯೆಲ್ಲ ತುರಿಕೆ. "ಹೊಸ ಕಂಪ್ಯೂಟರ್ ತಗೊಂಡುಬಿಡೋಣ."

"ತಗೊಳ್ಳಿ, ತಗೊಳ್ಳಿ. ಮಗಳ ಫೀಸು ಗಾಳಿಯಿಂದ ಬರುತ್ತೆ" ಎಂದಳು ಅವನ ಹೆಂಡತಿ, ತಟ್ಟೆಗೆ ಬಡಿಸುತ್ತ. ಅವಳು ಔಷಧಿ ಅಂಗಡಿಯಲ್ಲಿ ಬೆಳಗಿನಿಂದ ನಿಂತು ಕೆಲಸ ಮಾಡುವವಳು, ಬಾಯಿಗೆ ಬಂದದ್ದನ್ನು ಅಲ್ಲೇ ಇಳಿಸುತ್ತಾಳೆ.

ಚೂಟಿ ಮಧ್ಯೆ ಬಾಯಿ ಹಾಕಿದಳು. "ಹೊಸದು ಯಾಕಪ್ಪಾ? ಡಿಸ್ಕ್ ಬದಲಾಯಿಸಿದ್ರೆ ಸಾಕು. ಎಸ್‌ಎಸ್‌ಡಿ ಹಾಕ್ಸಿದ್ರೆ ಇದೇ ಡಬ್ಬಿ ಹಾರುತ್ತೆ. ನನ್ನ ಫ್ರೆಂಡ್ ಮನೇಲಿ ಹಾಕ್ಸಿದಾರೆ. ಒತ್ತಿದ್ರೆ ಆನ್!"

"ಹಾರೋದ್ಯಾಕೆ? ಇರೋದು ಚೆನ್ನಾಗೇ ಇದೆಯಲ್ಲೋ" ಎಂದಳು ಅಜ್ಜಿ.

"ಅಮ್ಮಾ, ನಿನಗೇನು ಗೊತ್ತಾಗುತ್ತೆ? ಅಕ್ಕ ಕಣ್ಣೀರು ಹಾಕ್ತಾ ಕೂತಿದಾಳೆ."

"ಕಣ್ಣೀರಲ್ವೋ, ಈರುಳ್ಳಿ" ಎಂದಳು ಅಕ್ಕ. ಆದರೆ ಒಳಗೊಳಗೆ ಖುಷಿಯಾಗಿತ್ತು. ತನಗಾಗಿ ಇಷ್ಟು ಮಾತಾಡುತ್ತಿದ್ದಾರಲ್ಲ! "ಹಾಕ್ಸು ಕಣೋ. ಪುಣ್ಯ ಬರುತ್ತೆ ನಿನಗೆ."

ಭಾನುವಾರ ರಿಪೇರಿಯವನು ಬಂದ. ಹಳೆಯ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ನಕಲು ಮಾಡಲು ಇಟ್ಟು, ಅಜ್ಜಿ ಕೊಟ್ಟ ಊಟ ಮುಗಿಸಿ, ಮಧ್ಯಾಹ್ನದ ಮೇಲೆ ಡಬ್ಬಿಯ ಮುಚ್ಚಳ ಸರಿಸಿದ. ಒಳಗೆ ಹಾಸಿಗೆ ತುಂಬುವಷ್ಟು ಧೂಳು. ಹಳೆಯದನ್ನು ಕಳಚಿ, ಇಸ್ಪೀಟು ಕಟ್ಟಿನಷ್ಟು ಅಗಲದ, ಅಂಗೈಯಲ್ಲಿ ತೂಕವೇ ತಿಳಿಯದ ಹೊಸದೊಂದನ್ನು ಅಲ್ಲಿ ಕೂರಿಸಿದ.

"ಇಷ್ಟೇನಾ?" ಎಂದಳು ಅಜ್ಜಿ. ಇಷ್ಟಕ್ಕೆ ಅಷ್ಟು ದುಡ್ಡೇ ಎಂಬುದು ಅವಳ ಮುಖದಲ್ಲಿತ್ತು.

"ಇಷ್ಟೇ ಅಜ್ಜಿ. ಇದರೊಳಗೆ ತಿರುಗೋದು ಏನೂ ಇಲ್ಲ. ಅದಕ್ಕೇ ಸದ್ದಿಲ್ಲ, ತಡ ಇಲ್ಲ. ಹಳೇದು ಅಲ್ಲಲ್ಲಿ ಕೆಟ್ಟಿತ್ತು ಮೇಡಮ್, ಪುಣ್ಯಕ್ಕೆ ಎಲ್ಲ ಬಂತು. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಎಲ್ಲರ ಮದುವೇನೂ ಮುಳುಗಿಹೋಗಿರೋದು." ಹಳೆಯ ಡಿಸ್ಕನ್ನು ಒಂದು ಕವರಿಗೆ ಹಾಕಿ ಅಕ್ಕನ ಕೈಗೆ ಕೊಟ್ಟ. "ಈಗ ಒತ್ತಿ ನೋಡಿ."

ಅಕ್ಕ ಗುಂಡಿ ಒತ್ತಿದಳು. ಎಲ್ಲರೂ ರೂಢಿಯಂತೆ ಕೂರಲು ಜಾಗ ನೋಡುತ್ತಿದ್ದರು. ಕೂರುವಷ್ಟರಲ್ಲಿ ಪರದೆ ಎದ್ದು ನಿಂತಿತ್ತು.

"ಅಬ್ಬಬ್ಬಾ!" ಎಂದ ತಮ್ಮ. ಚೂಟಿ ಚಪ್ಪಾಳೆ ತಟ್ಟಿದಳು. ಅಕ್ಕ ಡಬ್ಬಿಯ ತಲೆಯನ್ನೊಮ್ಮೆ ಸವರಿ, "ಎಲ್ಲಿತ್ತೇ ನಿನಗೆ ಇಷ್ಟು ಜೋರು?" ಎಂದಳು. ರಿಪೇರಿಯವನಿಗೆ ಇನ್ನೊಂದು ಲೋಟ ಚಹಾ ಸಿಕ್ಕಿತು.

ಆ ಸಂಜೆ ಹೊಸದೊಂದು ಮದುವೆ ಬಂದಿತ್ತು. ತಮ್ಮನ ಹೆಂಡತಿ ಬಟಾಣಿಯ ಮೊರ ತಂದಳು. ಅಕ್ಕ ಒಂದು ಸಲ ಒತ್ತಿದಳು. ಅಷ್ಟೂ ಫೋಟೋ ಒಂದೇ ಸಲಕ್ಕೆ ಪರದೆ ತುಂಬಿದವು. ಮಸುಕು ಇಲ್ಲ, ಊಹೆ ಇಲ್ಲ. ಮದುಮಗ ಯಾರು, ಅಡುಗೆಯವನು ಯಾರು, ಎಲ್ಲ ಕನ್ನಡಿಯಷ್ಟು ಸ್ಪಷ್ಟ. ಚೂಟಿ ಬಾಯಿ ತೆರೆಯುವಷ್ಟರಲ್ಲಿ ಫೋಟೋ ಮುಂದಕ್ಕೆ ಹೋಗಿತ್ತು. ಮೊರದಲ್ಲಿ ಇನ್ನೂ ಮುಕ್ಕಾಲು ಪಾಲು ಬಟಾಣಿ ಸುಲಿಯದೆ ಉಳಿದಿತ್ತು.

"ಆಯ್ತಲ್ಲ ಅಕ್ಕ, ಇನ್ನು ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ. ನಾವು ಯಾಕೆ ಮಧ್ಯೆ?" ಎಂದು ತಮ್ಮನ ಹೆಂಡತಿ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಚೂಟಿ ಅವಳ ಹಿಂದೆ. ಅಕ್ಕ ತಿರುಗಿ ನೋಡುವಾಗ ಅಜ್ಜಿಯೂ ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎಷ್ಟೋ ವರ್ಷದಿಂದ ಕಟ್ಟಿಕೊಂಡು ಬಂದಿದ್ದ ಸಂಜೆಗಳು ಹಾಗೆ ಮುಗಿದವು. ಯಾರೂ ಜಗಳವಾಡಲಿಲ್ಲ, ಯಾರೂ ಮುನಿಸಿಕೊಳ್ಳಲಿಲ್ಲ. ಡಬ್ಬಿಯ ಸದ್ದೇ ಇಲ್ಲದ ಮೇಲೆ ಅಕ್ಕ ಅದನ್ನು ಯಾವಾಗ ತೆರೆದಳು, ಯಾವಾಗ ಮುಚ್ಚಿದಳು ಎನ್ನುವುದೇ ಮನೆಗೆ ತಿಳಿಯುತ್ತಿರಲಿಲ್ಲ. ಎದುರಿಗೆ ಕಾಯುವ ಕೆಲಸ ಇಲ್ಲದ ಮೇಲೆ ಕೈ ಖಾಲಿಯಿಟ್ಟುಕೊಂಡು ಅಲ್ಲಿ ಹೋಗಿ ಕೂರುವುದಾದರೂ ಹೇಗೆ?

ವಾರ ಕಳೆಯಿತು. ಅಕ್ಕ ಬೇಗ ಬೇಗ ಆಲ್ಬಮ್ ಮುಗಿಸುತ್ತಾಳೆಂದು ಸ್ಟುಡಿಯೋದವನು ಖುಷಿಯಿಂದ ಇನ್ನಷ್ಟು ಕಳಿಸಿದ. ಕೆಲಸ ಹೆಚ್ಚಿತೆಂದು ಮನೆಯವರೂ ಅವಳ ಬಗ್ಗೆ ಹೆಚ್ಚು ಕಾಳಜಿ ತೋರಿದರು. ಒಂದು ರಾತ್ರಿ ತಮ್ಮನ ಹೆಂಡತಿ ತಟ್ಟೆಯನ್ನು ಕೋಣೆಗೇ ತಂದಿಟ್ಟಳು.

"ಕೆಲಸ ಬಿಟ್ಟು ಎದ್ದು ಬರೋದು ಯಾಕೆ ಅಕ್ಕ? ಇಲ್ಲೇ ತಿನ್ನಿ."

"ಬರ್ತಿದ್ನಲ್ಲೇ."

"ಪರವಾಗಿಲ್ಲ ಬಿಡಿ, ನನಗೇನು ಕಷ್ಟ?"

ಮಾರನೆಯ ದಿನವೂ ತಟ್ಟೆ ಬಂತು. ಅದರ ಮಾರನೆಯ ದಿನ ತಮ್ಮ ಟಿವಿಯ ಸದ್ದು ಅಕ್ಕನಿಗೆ ತೊಂದರೆಯಾಗಬಾರದೆಂದು ಕೋಣೆಯ ಬಾಗಿಲನ್ನು ಎಳೆದುಕೊಂಡು ಹೋದ. ಊಟದ ಮೇಜಿನಲ್ಲಿ ಎಲ್ಲರೂ ನಗುವುದು ಬಾಗಿಲಾಚೆಯಿಂದ ಕೇಳುತ್ತಿತ್ತು. ಅಕ್ಕ ಬಲಗೈಯಲ್ಲಿ ತುತ್ತು, ಎಡಗೈಯಲ್ಲಿ ಮೌಸು ಹಿಡಿದು ಯಾರದೋ ಮನೆಯ ಅಜ್ಜ ಅಜ್ಜಿಯನ್ನು ಪುಟದ ನಡುವಿಗೆ ತಂದು ಕೂರಿಸುತ್ತಿದ್ದಳು. ಇಷ್ಟು ಪ್ರೀತಿಯಿಂದ ಹೀಗೆ ಒಬ್ಬಳನ್ನೇ ಕೂರಿಸಿಬಿಟ್ಟರೆ ಯಾರ ಹತ್ತಿರ ಹೋಗಿ ಜಗಳವಾಡುವುದು?

ಅಜ್ಜಿ ಮಾತ್ರ ಒಂದು ಮಧ್ಯಾಹ್ನ ಒಳಗೆ ಬಂದಳು. ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ಪರದೆ ನೋಡಿದಳು.

"ಏನೇ ಇದು, ರೈಲಿನ ಕಿಟಕಿ ಥರ ಓಡಿಸ್ತೀಯ? ನನಗೊಂದು ಮುಖಾನೂ ಸಿಗ್ತಿಲ್ಲ."

"ಕೆಲಸ ಅಮ್ಮ. ನಿಧಾನ ತೋರ್ಸ್ಲಾ?"

"ಬೇಡ ಬಿಡು, ನಿನ್ನ ಕೆಲಸ ಕೆಡುತ್ತೆ" ಎಂದು ಅಜ್ಜಿ ಎದ್ದು ಟಿವಿಯ ಮುಂದೆ ಹೋದಳು. ಆ ಮನೆಯಲ್ಲಿ ಕೆಲಸ ಎಂದರೆ ಅಷ್ಟು ಮರ್ಯಾದೆ.

ಮುಂದೆ ನಡೆದದ್ದಕ್ಕೆ ಅಕ್ಕನನ್ನು ಏನನ್ನುವುದೋ ನನಗೆ ತಿಳಿಯದು. ಪೆದ್ದಿ ಎನ್ನೋಣವೆಂದರೆ ಅವಳು ಪೆದ್ದಿಯಲ್ಲ. ಒಂದು ಸಂಜೆ ಅವಳು ಬಾಗಿಲು ತೆಗೆದು ಕೂಗಿದಳು.

"ಚೂಟೀ, ಬಾರೇ ಇಲ್ಲಿ. ಡಬ್ಬಿ ನಿಂತೋಯ್ತು!"

ಚೂಟಿ ಓಡಿಬಂದಳು. ಪರದೆಯ ಮೇಲೆ ಯಾವುದೋ ಹುಟ್ಟುಹಬ್ಬದ ಫೋಟೋ ನಿಂತಿತ್ತು. ಅಕ್ಕನ ಕೈ ಮೌಸಿನಿಂದ ದೂರದಲ್ಲಿ, ಮಡಿಲಲ್ಲಿ ಇತ್ತು.

"ಮುಟ್ಬೇಡ. ಸ್ವಲ್ಪ ಬಿಟ್ರೆ ಸರಿಹೋಗುತ್ತೇನೋ."

"ಹೊಸ ಡಿಸ್ಕ್ ಅತ್ತೆ! ಹೀಗಾಗಬಾರದು." ಚೂಟಿ ಮಂಚದ ಮೇಲೆ ಕೂತಳು. ಏನಾಯಿತೆಂದು ಅವಳ ತಾಯಿಯೂ ಬಂದಳು, ಕೈಯಲ್ಲಿ ಒಗೆದ ಬಟ್ಟೆಯ ರಾಶಿ. ಅಜ್ಜಿ ಬಂದಳು. ಪರದೆಯ ಮೇಲೆ ಮುದುಕರೊಬ್ಬರು ಕೇಕಿನ ಮೇಲಿನ ಮೇಣದಬತ್ತಿ ಊದುತ್ತಿದ್ದರು.

"ಈ ಯಜಮಾನ್ರ ಹಲ್ಲಿನ ಸೆಟ್ಟು ಕೇಕ್ ಮೇಲೆ ಬೀಳ್ದಿದ್ರೆ ಸಾಕು" ಎಂದಳು ಚೂಟಿಯ ತಾಯಿ, ಬಟ್ಟೆ ಮಡಚುತ್ತ.

"ಬಿದ್ರೇನು? ಅವರ ಪಾಲಿನ ತುಂಡಿನ ಮೇಲೇ ಬೀಳುತ್ತೆ" ಎಂದಳು ಅಜ್ಜಿ. ಚೂಟಿ ಬಿದ್ದು ಬಿದ್ದು ನಕ್ಕಳು. ಅಕ್ಕ ಎಷ್ಟು ನಕ್ಕಳೆಂದರೆ ಕಣ್ಣಲ್ಲಿ ನೀರು ಬಂತು. ಬಟ್ಟೆಯ ರಾಶಿ ಮುಗಿಯುವವರೆಗೂ ಡಬ್ಬಿ ನಿಂತೇ ಇತ್ತು. ಮುಗಿದ ಮೇಲೆ ಅಕ್ಕ ಮೌಸು ಮುಟ್ಟಿ, "ಓ, ಸರಿಹೋಯ್ತು ನೋಡು" ಎಂದಳು.

ಎರಡು ದಿನ ಬಿಟ್ಟು ಡಬ್ಬಿ ಮತ್ತೆ ನಿಂತಿತು. ಆಮೇಲೆ ದಿನಾ ನಿಲ್ಲತೊಡಗಿತು. ಅದೂ ಸರಿಯಾಗಿ ಸಂಜೆ, ಚೂಟಿ ಕಾಲೇಜಿನಿಂದಲೂ ಅವಳ ತಾಯಿ ಅಂಗಡಿಯಿಂದಲೂ ಬಂದ ಮೇಲೆ. ಯಂತ್ರಕ್ಕೆ ಅಷ್ಟು ಬುದ್ಧಿ ಎಲ್ಲಿಂದ ಬಂತು ಎಂದು ಯಾರೂ ಯೋಚಿಸಲಿಲ್ಲ. ತಮ್ಮನಿಗೆ ಮಾತ್ರ ಮೈ ತುರಿಸಲು ಶುರುವಾಯಿತು. "ದುಡ್ಡು ಕೊಟ್ಟು ಹಾಕ್ಸಿದ್ದು ನಿಲ್ಲೋದಂದ್ರೇನು? ಗ್ಯಾರಂಟಿ ಇದೆ, ಬಂದು ನೋಡ್ಲಿ" ಎಂದು ರಿಪೇರಿಯವನಿಗೆ ಫೋನು ಮಾಡಿದ. ಅಕ್ಕ "ಬೇಡ ಕಣೋ, ತಾನೇ ಸರಿಹೋಗುತ್ತೆ" ಎಂದಳು. ತಮ್ಮ ಕೇಳುವವನೇ?

ರಿಪೇರಿಯವನು ಬಂದು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ, ಏನೇನೋ ಪರೀಕ್ಷೆ ಓಡಿಸಿ, ನೂರಾರು ಫೋಟೋಗಳನ್ನು ತೆರೆದು ಮುಚ್ಚಿದ. "ಏನೂ ಆಗಿಲ್ವಲ್ಲ ಸರ್. ಕುದುರೆ ಥರ ಓಡ್ತಿದೆ."

"ದಿನಾ ನಿಲ್ಲುತ್ತಂತೆ ಕಣಯ್ಯ!"

"ನಿಂತಿದ್ರೆ ಇಲ್ಲಿ ಗುರುತು ಉಳಿದಿರುತ್ತೆ ಸರ್. ಒಂದು ಸಲವೂ ನಿಂತಿಲ್ಲ."

ತಮ್ಮ ಗೊಣಗುತ್ತ ಹೊರಗೆ ಹೋದ. ರಿಪೇರಿಯವನು ಚೀಲ ಕಟ್ಟುತ್ತಿರುವಾಗ ಅಕ್ಕ ಬಾಗಿಲ ಕಡೆ ನೋಡಿ, ಮೇಜಿನ ಖಾನೆಯಿಂದ ಕವರು ತೆಗೆದಳು.

"ಇದನ್ನೇ ವಾಪಸ್ ಹಾಕಿಕೊಡೋಕಾಗುತ್ತಾ?"

ಅವನಿಗೆ ಅರ್ಥವಾಗಲಿಲ್ಲ. "ಹಳೇದನ್ನಾ? ಯಾಕೆ ಮೇಡಮ್?"

"ನಿಧಾನ ಇರ್ಲಿ ಅಂತ."

ಅವನು ನಕ್ಕ, ತಮಾಷೆಯೆಂದುಕೊಂಡು. ಅವಳು ನಗದೆ ಇದ್ದುದನ್ನು ಕಂಡು ನಗು ನಿಲ್ಲಿಸಿದ. "ಹಾಕಬಹುದು. ಆದ್ರೆ ಅದು ಸಾಯ್ತಾ ಇರೋ ಡಿಸ್ಕು. ಯಾರದಾದ್ರೂ ಮದುವೆ ಅದರಲ್ಲಿದ್ದಾಗ ಹೋದ್ರೆ, ಹೋದಂಗೇ. ಅವರು ಮತ್ತೆ ಮದುವೆ ಆಗೋಕಾಗುತ್ತಾ ಮೇಡಮ್?"

"ಆಗಲ್ಲ" ಎಂದಳು ಅಕ್ಕ. ಕವರನ್ನು ಖಾನೆಯೊಳಗೆ ಹಾಕಿ ಮುಚ್ಚಿದಳು. ಬೇರೆಯವರ ಫೋಟೋಗಳ ಜೊತೆ ಆಟವಾಡುವವಳಲ್ಲ ಅವಳು.

ಚೂಟಿ ರಿಪೇರಿಯವನಿಗೆ ಚಹಾ ತಂದಿದ್ದಳು. ಬಾಗಿಲ ಹೊರಗೆ ಲೋಟ ಹಿಡಿದು ನಿಂತೇ ಇದ್ದಳು. ಕೇಳಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ವಯಸ್ಸೂ ಅಲ್ಲ, ಸ್ವಭಾವವೂ ಅಲ್ಲ. ಅಂದು ಊಟಕ್ಕೆ ಅಕ್ಕನನ್ನು ಮೇಜಿಗೇ ಕರೆದರು. ಕರೆದ ರೀತಿಯಲ್ಲೇ ಅವಳಿಗೆ ತಿಳಿಯಿತು.

"ಅಕ್ಕ" ಎಂದ ತಮ್ಮ, ತಟ್ಟೆಯನ್ನು ನೋಡುತ್ತ. "ಡಬ್ಬಿ ನಿಂತಿದ್ದು ಸುಳ್ಳಾ?"

"ಹೂಂ."

"ಹೂಂ ಅಂದ್ರೆ?"

"ಸುಳ್ಳು ಅಂದ್ರೆ ಸುಳ್ಳು. ಎಷ್ಟು ಸಲ ಹೇಳ್ಲಿ?"

"ಯಾಕೆ? ನಾನು ಕೆಲಸ ಬಿಟ್ಟು, ಆ ಮನುಷ್ಯನ್ನ ಕರೆಸಿ, ಅವನ ಮುಂದೆ ಕೋತಿ ಆದೆ!"

"ನೀವೆಲ್ಲ ಬರ್ತಿದ್ರಲ್ಲ. ಅದಕ್ಕೆ."

ತಮ್ಮನಿಗೆ ಆ ಮಾತು ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಬಂದು ಕೂತ್ಕೋ ಅಂತ ಕರೆದಿದ್ರೆ ನಾವು ಬರ್ತಿರಲಿಲ್ವಾ?" ಎಂದ ಕೊನೆಗೆ.

"ಏನಂತ ಕರೀಲೋ? ಈ ಮನೇಲಿ ಕೆಲಸ ಇಲ್ಲದೆ ಯಾರು ಯಾರ ಹತ್ತಿರ ಕೂತಿದಾರೆ? ನನಗೆ ಒಬ್ಳೇ ಇರೋಕೆ ಬೇಜಾರಾಗುತ್ತೆ, ಬನ್ನಿ ಅಂತ ಕೂಗ್ಲಾ? ತಲೆ ನರೆತಿದೆ ನನಗೆ."

"ನಾವೇನು ನಿಮ್ಮನ್ನ ದೂರ ಇಟ್ವಾ ಅಕ್ಕ?" ತಮ್ಮನ ಹೆಂಡತಿ ಸೌಟು ಕೆಳಗಿಟ್ಟಳು. "ನೀವು ಏಳೋದು ಬೇಡ ಅಂತ ಊಟಾನೂ ಕೈಗೆ ತಂದುಕೊಟ್ಟೆ. ಅದೂ ತಪ್ಪಾಯ್ತಾ?"

"ತಪ್ಪಲ್ಲ ಕಣೇ" ಎಂದಳು ಅಕ್ಕ. "ತಪ್ಪಾಗಿದ್ರೆ ಬೈದು ಸುಮ್ಮನಾಗ್ತಿದ್ದೆ."

ಚೂಟಿ ತಲೆಯೆತ್ತಲಿಲ್ಲ. "ನಾನೇ ಅತ್ತೆ ಎಸ್‌ಎಸ್‌ಡಿ ಹಾಕ್ಸಿ ಅಂದಿದ್ದು" ಎಂದಳು. ಅವಳ ಕಣ್ಣೀರು ತಟ್ಟೆಗೆ ಬಿತ್ತು.

"ಸುಮ್ನಿರೇ, ನಿನ್ನದೇನಿದೆ?" ಎಂದು ಅಜ್ಜಿ ಮೊಮ್ಮಗಳ ಬೆನ್ನು ಸವರಿದಳು. ಮಗಳನ್ನು ಮಾತ್ರ ಹಾಗೇ ನೋಡುತ್ತ ಕೂತಳು. ಸವರಲು ಕೈ ಚಾಚಿದರೂ ಮೇಜಿನ ಆಚೆ ಬದಿಗೆ ಎಟುಕುತ್ತಿರಲಿಲ್ಲ.

ತಮ್ಮ ಒಳ್ಳೆಯವನು. ಕೆಟ್ಟದ್ದನ್ನು ನೋಡಿದರೆ ಸರಿಮಾಡದೆ ನಿದ್ದೆ ಬಾರದವನು. ಮಾರನೆಯ ಬೆಳಿಗ್ಗೆ ಹಲ್ಲುಜ್ಜುವಾಗಲೇ ಏರ್ಪಾಡು ಮಾಡಿಬಿಟ್ಟ. ಇನ್ನು ಮುಂದೆ ದಿನಾ ಸಂಜೆ ಒಬ್ಬೊಬ್ಬರು ಸರದಿಯ ಪ್ರಕಾರ ಅಕ್ಕನ ಹತ್ತಿರ ಕೂರಬೇಕು. ಇವತ್ತು ತಾನು, ನಾಳೆ ಹೆಂಡತಿ, ನಾಡಿದ್ದು ಮಗಳು. ಲಿಫ್ಟ್ ಕಂಪನಿಯಲ್ಲಿ ಪಾಳಿ ಹಾಕಿದಂತೆಯೇ. ಅಜ್ಜಿಗೆ ಪಾಳಿಯಿಲ್ಲ, ಬೇಕಾದಾಗ ಬರಬಹುದು.

"ಏನೂ ಬೇಡ ಕಣೋ" ಎಂದಳು ಅಕ್ಕ.

"ಬೇಕು. ನೀನು ಸುಮ್ನಿರು."

ಮೊದಲ ಸಂಜೆ ತಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಅಕ್ಕ ಒಂದು ಪುಟ ಜೋಡಿಸಿ ಅವನ ಕಡೆ ನೋಡಿದಳು. "ಚೆನ್ನಾಗಿದೆ" ಎಂದ. ಇನ್ನೊಂದು ಪುಟ. "ಇದೂ ಚೆನ್ನಾಗಿದೆ." ನಡುವೆ ಎರಡು ಸಲ ಫೋನು ಬಂತು, ಎಲ್ಲೋ ಲಿಫ್ಟು ನಿಂತಿತ್ತು, ಕುರ್ಚಿಯಿಂದಲೇ ಯಾರಿಗೋ ಯಾವ ತಂತಿ ಎಂದು ಹೇಳಿಕೊಟ್ಟ. ಆಮೇಲೆ ಕೂತಲ್ಲೇ ತೂಕಡಿಸಿದ. ಅಕ್ಕ ಅವನ ಕೈಯಿಂದ ಚಹಾದ ಲೋಟ ತೆಗೆದಿಟ್ಟಳು.

ಎರಡನೆಯ ಸಂಜೆ ಅವನ ಹೆಂಡತಿ. ದಿನವೆಲ್ಲ ನಿಂತು ಬಂದ ಕಾಲು ಊದಿತ್ತು. ಪರದೆಯ ಮೇಲೆ ಅಕ್ಕ ಬೇಕೆಂದೇ ಒಂದು ಫೋಟೋ ತಂದಳು. ಆಲೂಗಡ್ಡೆಯಂಥ ಮೂಗಿನ ಒಬ್ಬ ದೊಡ್ಡ ಮನುಷ್ಯ, ಕೈಯಲ್ಲಿ ಹೂಗುಚ್ಛ. ಹಿಂದೆಯಾಗಿದ್ದರೆ ಆ ಮೂಗಿನ ಮೇಲೆ ಒಂದು ಸಂಜೆಯೇ ಸಾಗುತ್ತಿತ್ತು.

"ಇವನ ಮೂಗು ನೋಡೇ" ಎಂದಳು ಅಕ್ಕ.

"ಹೂಂ ಅಕ್ಕ." ಕಾಲು ನೀವಿಕೊಳ್ಳುತ್ತ, "ಹೂವು ಚೆನ್ನಾಗಿದೆ" ಎಂದಳು ತಮ್ಮನ ಹೆಂಡತಿ.

ಮನೆಯವರೆಲ್ಲ ಅಕ್ಕನ ಹತ್ತಿರ ಅಷ್ಟು ಮರ್ಯಾದೆಯಿಂದ ಮಾತಾಡತೊಡಗಿದ್ದರು. ಜ್ವರ ಬಂದವರ ಮಂಚದ ಪಕ್ಕ ಕೂತ ಹಾಗೆ. ಯಾರೂ ಕಾಲೆಳೆಯುವುದಿಲ್ಲ, ಯಾರೂ ಬೈಯುವುದಿಲ್ಲ. ಅಜ್ಜಿ ಬರುತ್ತಿದ್ದಳು, ಬಂದು ಮಂಚದ ಮೇಲೆ ನಿದ್ದೆ ಮಾಡುತ್ತಿದ್ದಳು. ಅಷ್ಟರಮಟ್ಟಿಗೆ ಅಜ್ಜಿಯೇ ವಾಸಿ, ಗೊರಕೆಯಾದರೂ ನಿಜದ್ದು.

ಹೀಗೆ ಮೂರು ವಾರ ಸರದಿ ನಡೆಯಿತು. ಒಂದು ದಿನ ಚೂಟಿಯ ಪಾಳಿ. ಬೇಸಿಗೆಯ ಸಂಜೆ, ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಬೀದಿಯಲ್ಲಿ ಅವಳ ಗೆಳತಿಯರು ಸೈಕಲ್ಲಿನ ಗಂಟೆ ಬಾರಿಸುತ್ತ ಒಂದು ಸುತ್ತು ಹೊಡೆದು ಬಂದರು, ಮತ್ತೊಂದು ಸುತ್ತು ಹೊಡೆದರು. ಚೂಟಿ ಮಂಚದ ಅಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಈಗೀಗ ಅವಳು ಅತ್ತೆಯ ತೊಡೆಯ ಮೇಲೆ ಕಾಲು ಚಾಚುತ್ತಿರಲಿಲ್ಲ. ಮೊಣಕಾಲು ಮಾತ್ರ ತಾನಾಗಿ ಕುಣಿಯುತ್ತಿತ್ತು.

"ಯಾರೇ ಅದು ಗಂಟೆ ಬಾರಿಸ್ತಿರೋದು?"

"ಯಾರೂ ಇಲ್ಲ ಅತ್ತೆ. ನೀನು ತೋರ್ಸು. ಇವತ್ತು ಯಾರ ಮದುವೆ?"

ಅಕ್ಕ ಅವಳ ಮುಖ ನೋಡಿದಳು. ಅಷ್ಟು ಜಾಣತನದಿಂದ, ಅಷ್ಟು ಕಷ್ಟದಿಂದ ಆ ಹುಡುಗಿ ನಗುತ್ತಿದ್ದಳು. ಯಾರಾದರೂ ಬರಲಿ ಎಂದು ತಾನು ಪಟ್ಟ ಆಸೆಗೆ ಈ ಕೂಸು ಇಲ್ಲಿ ಕೂತು ದಂಡ ತೆರುತ್ತಿದೆಯಲ್ಲ! ಪರದೆಯ ಮೇಲಿದ್ದದ್ದು ನಿನ್ನೆಯೇ ಮುಗಿಸಿದ ಆಲ್ಬಮ್. ಅದರ ಕೊನೆಯ ಪುಟವನ್ನು ತೆರೆದಳು.

"ಮುಗೀತಲ್ಲೇ."

"ಮುಗೀತಾ? ಇಷ್ಟು ಬೇಗನಾ?"

"ಮತ್ತೆ? ಎಸ್‌ಎಸ್‌ಡಿ ಅಲ್ವಾ? ನೀನೇ ಹಾಕ್ಸಿದ್ದು."

"ಇನ್ನೇನೂ ಇಲ್ವಾ ಅತ್ತೆ? ನಿಜವಾಗ್ಲೂ?"

"ನಿಜವಾಗ್ಲೂ. ನಾನೂ ಸ್ವಲ್ಪ ಹೊತ್ತು ಅಮ್ಮನ ಜೊತೆ ಟಿವಿ ನೋಡ್ತೀನಿ. ನಿಮ್ಮಪ್ಪನಿಗೂ ಹೇಳ್ಬಿಡು, ಇನ್ಮೇಲೆ ಸಂಜೆಯೊಳಗೇ ನನ್ನ ಕೆಲಸ ಮುಗಿಯುತ್ತೆ, ಯಾರೂ ಕೂರೋದು ಬೇಡ ಅಂತ. ಓಡು, ಬೆಳಕಿರುವಾಗಲೇ ಬಾ."

ಚೂಟಿ ಎದ್ದು ಅತ್ತೆಯ ಕೊರಳನ್ನು ಹಿಂದಿನಿಂದ ಬಿಗಿಯಾಗಿ ಅಪ್ಪಿದಳು. ಆ ಅಪ್ಪುಗೆಯಲ್ಲಿ ಮಾತ್ರ ಸುಳ್ಳಿರಲಿಲ್ಲ. ಚಪ್ಪಲಿಯ ಸದ್ದು ನಡುಮನೆ ದಾಟಿತು, ಬೀದಿಯಲ್ಲಿ ಒಂದೇ ಸಲಕ್ಕೆ ನಾಲ್ಕಾರು ಹುಡುಗಿಯರ ಗದ್ದಲವೆದ್ದು ಮೂಲೆ ತಿರುಗಿ ಹೋಯಿತು.

ಸ್ಟುಡಿಯೋದವನು ಕಳಿಸಿದ ದೊಡ್ಡ ಮದುವೆಯೊಂದನ್ನು ಅಕ್ಕ ಮಧ್ಯಾಹ್ನವೇ ಡಬ್ಬಿಗೆ ಇಳಿಸಿಟ್ಟಿದ್ದಳು. ಅದರ ಒಂದು ಪುಟವೂ ಆಗಿರಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಒಂದು ಸಲ ಒತ್ತಿದಳು. ಯಾರದೋ ಇಡೀ ಬಳಗ, ಅಜ್ಜನಿಂದ ಹಿಡಿದು ಕಂಕುಳ ಕೂಸಿನವರೆಗೆ, ಒಬ್ಬರೂ ತಡಮಾಡದೆ ಒಟ್ಟಿಗೇ ಬಂದು ಅವಳೆದುರು ನಿಂತು ನಕ್ಕಿತು.